ನಾಲ್ಕು ಗೆರೆ, ಒಂದು ಚುಕ್ಕೆ

"ಈ ಚುಕ್ಕೆ ನನ್ನದಲ್ಲ."

ಹಾಗೆಂದು ನಕ್ಷೆ ಮಾವ ಮೇಜಿಗೆ ಗುದ್ದಿದ ರಭಸಕ್ಕೆ ನಾಟಕಮಂದಿರದ ಮ್ಯಾನೇಜರರ ಬಾಚಣಿಗೆ ನೆಗೆದು ನೀರಿನ ಲೋಟಕ್ಕೆ ಬಿತ್ತು. ಮೇಜಿನ ಮೇಲೆ ಹಾಸಿದ್ದ ವಿದ್ಯುತ್ ನಕ್ಷೆ ಮಾತ್ರ ಅಲುಗಲಿಲ್ಲ. ಅದರ ಮೂರು ಮೂಲೆಗೆ ಮಾವನ ಅಕ್ಕ, ಅಂದರೆ ಪತ್ತೇದಾರನ ಅತ್ತೆ, ಸಿಕ್ಕಿದ ಸಾಮಾನು ಹೇರಿದ್ದರು, ನಾಲ್ಕನೆಯ ಮೂಲೆಗೆ ತಮ್ಮ ಮೊಣಕೈ ಊರಿದ್ದರು. ಆ ಮೊಣಕೈ ಕೆಳಗಿನಿಂದ ಆನೆಯೂ ಬಾಲ ಬಿಡಿಸಿಕೊಂಡು ಹೋಗಲಾರದು.

"ನಕ್ಷೆ ನಿಮ್ಮದು," ಎಂದರು ಮ್ಯಾನೇಜರ್, ಬಾಚಣಿಗೆಯ ನೀರು ಕೊಡವುತ್ತಾ. "ಚುಕ್ಕೆ ನಕ್ಷೆ ಮೇಲಿದೆ. ಅಂದ್ಮೇಲೆ ಚುಕ್ಕೆನೂ ನಿಮ್ದೇ."

"ನಮ್ಮನೆ ಗೋಡೆ ಮೇಲೆ ಪಕ್ಕದ್ಮನೆ ಬೆಕ್ಕು ಕೂತ್ರೆ ಅದಕ್ಕೂ ನಾನೇ ಹಾಲು ಹಾಕ್ಬೇಕೇನಪ್ಪ?" ಎಂದರು ಅತ್ತೆ.

"ನೀವು ಸುಮ್ನಿರಿ ಅಜ್ಜಿ."

"ಅಜ್ಜಿ ಯಾರು?" ಅತ್ತೆ ಹಿಂದೆ ಮುಂದೆ ತಿರುಗಿ ಹುಡುಕಿದರು. "ಇಲ್ಲಿ ಯಾರೂ ಕಾಣಲ್ವಲ್ಲ."

ಪತ್ತೇದಾರ ಈ ಜಗಳದಿಂದ ದೂರ, ಮರದ ಸ್ಟೂಲಿನ ಮೇಲೆ, ಎರಡೂ ಕಾಲು ನೆಲದಿಂದ ಮೇಲೆತ್ತಿಕೊಂಡು ಕೂತಿದ್ದ. ಮಡಿಲಲ್ಲಿ ಮರದ ಹಿಡಿಯ ಕೊಡೆ. ಕೊಲೆಗಾರರ ಎದುರು ನಿಂತವನು, ಹುಚ್ಚುನಾಯಿಯ ಬಾಯಿಂದ ಸಾಕ್ಷಿಯ ಚಪ್ಪಲಿ ಕಿತ್ತುಕೊಂಡವನು, ಆದರೆ ಕರೆಂಟು ಎಂದರೆ ಮಾರು ದೂರ ನೆಗೆಯುತ್ತಿದ್ದ. ಮನೆಯಲ್ಲಿ ದೀಪ ಹಾಕಬೇಕಾದರೂ ಸೌಟಿನ ಹಿಂಬದಿಯಿಂದ ಸ್ವಿಚ್ ಒತ್ತುವವನು. ಹೆಂಡತಿ ಅದಕ್ಕೆಂದೇ ಒಂದು ಮರದ ಸೌಟನ್ನು ಬಾಗಿಲಲ್ಲಿ ತೂಗುಹಾಕಿದ್ದಳು.

ಅಂಥವನ ಹಣೆಗೆ ಇಂಥ ಕಳವು ಬರೆದಿತ್ತು. ಹೊಸ ನಾಟಕಮಂದಿರದ ಮೊದಲ ಪ್ರದರ್ಶನದಲ್ಲಿ ವಿರಾಮದ ಗಂಟೆ ಹೊಡೆದದ್ದೇ ತಡ, ಭದ್ರಕೋಣೆಯ ಕರೆಂಟ್ ಬೀಗ ಟಕ್ಕೆಂದು ಬಿಟ್ಟುಕೊಂಡದ್ದನ್ನು ಕಾವಲುಗಾರ ಕೇಳಿದ್ದ. ಅವನು ಓಡಿಬರುವಷ್ಟರಲ್ಲಿ ನಾಯಕಿಯ ಪಚ್ಚೆಯ ಹಾರ ಕಾಲಿಲ್ಲದೆ ನಡೆದುಹೋಗಿತ್ತು.

ಗಂಟೆಗೂ ಬೀಗಕ್ಕೂ ಏನು ಸಂಬಂಧ ಎಂದು ಎಲ್ಲರೂ ನಕ್ಷೆ ನೋಡಿದರು. ಗಂಟೆಯ ಗೆರೆ ಅಡ್ಡ ಹೋಗಿತ್ತು, ಬೀಗದ ಗೆರೆ ಉದ್ದ ಇಳಿದಿತ್ತು. ಎರಡೂ ಹಾಯುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಕೂತಿತ್ತು.

"ಇನ್ನು ಮಾತು ಸಾಕು." ವಿಮೆ ಸಾಹೇಬರು ಚೀಲದಿಂದ ಒಂದು ಹಾಳೆ ತೆಗೆದರು. ಅವರು ನಗುವುದಕ್ಕೂ ಮೇಲಧಿಕಾರಿಯ ಅನುಮತಿ ಬೇಕೆನ್ನುವಂಥ ಮುಖದ ಮನುಷ್ಯ. "ನಕ್ಷೆಯ ತಪ್ಪಿನಿಂದ ಬೀಗ ತೆರೀತು ಅಂತ ಇದರಲ್ಲಿದೆ. ಬರೆದವರು ಸಹಿ ಹಾಕ್ಲಿ. ಸಂಜೆಯೊಳಗೆ ನಾನು ಕಳಿಸ್ಬೇಕು."

ನಕ್ಷೆ ಮಾವ ಪೆನ್ನು ನೋಡಿದರು. ಪೆನ್ನು ಅವರನ್ನು ನೋಡಿತು.

ಸಹಿ ಬಿದ್ದರೆ ಮುಗಿಯಿತು. ಮಾವ ಇನ್ನು ಬಾಳಿನಲ್ಲಿ ಒಂದು ಗೆರೆಯನ್ನೂ ಎಳೆಯುವಂತಿರಲಿಲ್ಲ. ಮಾವ ನಕ್ಷೆ ಬರೆಯುವ ಕಂಪನಿಯ ಯಜಮಾನರು ಹಾಗೆಂದು ಹೇಳಿಯಾಗಿತ್ತು. ಮದುವೆಯಾಗದೆ ಮಕ್ಕಳಿಲ್ಲದೆ ಉಳಿದ ಮಾವನಿಗೆ ಡ್ರಾಯಿಂಗ್ ಬೋರ್ಡೇ ಹೆಂಡತಿ, ಅಳತೆಪಟ್ಟಿಗಳೇ ಮಕ್ಕಳು. ಕಂಪನಿಯ ಮಹಡಿ ಮೇಲಿನ ಕೋಣೆಯೇ ಮನೆ. ಅದೂ ಹೋದರೆ ಅವರು ಹಾಸಿಗೆ ಸುತ್ತಿಕೊಂಡು ಬರುವುದು ಎಲ್ಲಿಗೆಂದು ಪತ್ತೇದಾರನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಗೋಡೆಯಾಚೆ ಅತ್ತೆಯ ಗೊರಕೆ, ಇನ್ನೊಂದು ಗೋಡೆಯಾಚೆ ಅತ್ತೆಯ ತಮ್ಮನ ಗೊರಕೆ. ನಡುವೆ ತಾನು, ರುಬ್ಬುಗಲ್ಲಿಗೆ ಸಿಕ್ಕ ಉದ್ದಿನ ಕಾಳಿನಂತೆ.

"ಸಹಿ ಗಿಹಿ ಆಮೇಲೆ," ಎಂದ ಪತ್ತೇದಾರ, ಕೊಡೆ ಊರಿ ಸ್ಟೂಲಿನಿಂದ ಇಳಿದು. "ಮೊದಲು ನಂಗೆ ನಕ್ಷೆ ಓದೋದು ಗೊತ್ತಾಗ್ಬೇಕು."

"ಬೆಳಿಗ್ಗೆ ಓದಿದ್ರಲ್ಲ," ಎಂದರು ಅತ್ತೆ.

ಪತ್ತೇದಾರ ಕಿವಿವರೆಗೂ ಕೆಂಪಾದ. ಬೆಳಿಗ್ಗೆ ಅವನು ಆ ನಕ್ಷೆ ಹಿಡಿದು, ಗಂಟೆಯ ಗುರುತಿನ ಎಡಕ್ಕೆ ಬೀಗದ ಗುರುತಿದೆ ಎಂದುಕೊಂಡು, ವೇದಿಕೆಯ ಗಂಟೆಯ ಬಳಿ ನಿಂತು ಎಡಕ್ಕೆ ತಿರುಗಿ ಧೈರ್ಯವಾಗಿ ಬಾಗಿಲು ನೂಕಿದ್ದ. ಅದು ಹೆಂಗಸರು ವೇಷ ಬದಲಿಸುವ ಕೋಣೆಯಾಗಿತ್ತು. ಯಾರೋ ಎಸೆದ ಪೌಡರ್ ಡಬ್ಬಿಯಿಂದ ಅವನ ಎಡಭುಜ ಇನ್ನೂ ಗೋಧಿಹಿಟ್ಟಿನ ಗಿರಣಿಯಾಗಿತ್ತು.

"ಅಯ್ಯೋ ಅಳಿಯಂದ್ರೇ," ನಕ್ಷೆ ಮಾವ ತಮ್ಮ ಸಂಕಟವನ್ನೂ ಮರೆತು ಬೆನ್ನು ನೆಟ್ಟಗೆ ಮಾಡಿದರು. ತಮ್ಮ ಕಸುಬಿನ ಮಾತು ಬಂದರೆ ಅವರು ಹೆಣದ ಪೆಟ್ಟಿಗೆಯಿಂದಲೂ ಎದ್ದು ಕೂತು ಭಾಷಣ ಮಾಡುವವರು. ತಲೆ ಪೂರ್ತಿ ಬೆಳ್ಳಗೆ, ಹುಬ್ಬು ಮಾತ್ರ ಕಾಡಿಗೆಯಷ್ಟು ಕಪ್ಪು. ಮಾತಿನ ಉತ್ಸಾಹಕ್ಕೆ ಅವು ಎರಡು ಕಂಬಳಿಹುಳುಗಳಂತೆ ಮೇಲೆ ಕೆಳಗೆ ಹರಿದಾಡಿದವು. "ಇದು ದಾರಿ ತೋರ್ಸೋ ನಕ್ಷೆ ಅಲ್ಲ. ಯಾವ್ದು ಎಲ್ಲಿದೆ ಅಂತ ಇದು ಹೇಳಲ್ಲ. ಯಾವ್ದಕ್ಕೆ ಯಾವ್ದು ಸಂಬಂಧ ಅಂತ ಹೇಳತ್ತೆ, ಅಷ್ಟೇ."

"ವಂಶವೃಕ್ಷ ಇದ್ದಂಗೆ," ಎಂದರು ಅತ್ತೆ. "ಅದರಲ್ಲಿ ನಮ್ಮ ಚಿಕ್ಕಪ್ಪ ನಮ್ಮಪ್ಪನ ಪಕ್ಕದಲ್ಲೇ ಇದಾನೆ. ಹಂಗಂತ ಇಬ್ರೂ ಒಂದೇ ಬೀದೀಲಿ ಇದ್ರಾ? ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ."

"ಅಷ್ಟೇ ಅಕ್ಕ. ನೋಡಿ, ಮೂಲೇಲಿ ಗುರುತುಗಳ ಪಟ್ಟಿ ಕೊಟ್ಟಿದೀನಿ. ಕವುಚಿಟ್ಟ ಬಟ್ಟಲು ಅಂದ್ರೆ ಗಂಟೆ. ಒಳಗೆ ಅಡ್ಡಗೀಟು ಹಾಕಿರೋ ಉಂಡೆ ಅಂದ್ರೆ ದೀಪ. ಈ ಪೆಟ್ಟಿಗೆ ಬೀಗ."

"ಈ ಗುಂಡಿ ಮುರಿದಿದೆಯಲ್ಲ." ಪತ್ತೇದಾರ ಕೊಡೆಯ ತುದಿಯಿಂದ ತೋರಿಸಿದ. "ಗೆರೆ ತುಂಡಾಗಿದೆ. ಕಳ್ಳ ಇಲ್ಲೇ ಕತ್ತರಿಸಿರ್ಬೇಕು."

ವಿಮೆ ಸಾಹೇಬರು ಅನುಮತಿಯಿಲ್ಲದೆಯೇ ನಕ್ಕರು.

"ಅದು ಮುರಿದಿಲ್ಲ, ಅಳಿಯಂದ್ರೇ. ಮಲಗಿದೆ," ಎಂದರು ಮಾವ ಮೃದುವಾಗಿ. "ನಕ್ಷೆಯಲ್ಲಿ ಎಲ್ರೂ ಮಲಗಿರ್ತಾರೆ. ಯಾರೂ ಯಾವ ಗುಂಡೀನೂ ಒತ್ತಿಲ್ಲ, ಕರೆಂಟು ಬಂದಿಲ್ಲ ಅಂತ ಇಟ್ಕೊಂಡೇ ಬರೆಯೋದು. ಒತ್ತಿದ್ರೆ ಏನಾಗತ್ತೆ ಅನ್ನೋದನ್ನ ಓದೋನು ತಲೇಲಿ ಓಡಿಸ್ಬೇಕು."

"ಚುಕ್ಕೆ?"

"ಅದಕ್ಕೇ ಬಂದೆ. ಎರಡು ಗೆರೆ ಸುಮ್ನೆ ಹಾದುಹೋದ್ರೆ ಒಂದಕ್ಕೊಂದು ಸಂಬಂಧ ಇಲ್ಲ. ಸೇತುವೆ ಮೇಲೊಬ್ಬ ಕೆಳಗೊಬ್ಬ ಹೋದಂಗೆ. ಚುಕ್ಕೆ ಇಟ್ರೆ ಕೂಡಿದ ಹಾಗೆ, ನಾಲ್ಕು ರಸ್ತೆ ಸೇರೋ ಚೌಕ. ಗಂಟೆಗೆ ಹೊರಟ ಕರೆಂಟು ಬೀಗಕ್ಕೂ ಹೋಗತ್ತೆ."

"ಕೇಳಿದ್ರಲ್ಲ," ಎಂದರು ಮ್ಯಾನೇಜರ್. "ತಪ್ಪನ್ನ ಅವರೇ ಬಿಡಿಸಿ ಹೇಳ್ತಿದಾರೆ."

"ಆದ್ರೆ ಸ್ವಾಮಿ," ಮಾವನ ಕಂಬಳಿಹುಳುಗಳು ಹಣೆಯ ನಡುವಿಗೆ ಏರಿದವು, "ನಮ್ಮ ಆಫೀಸಲ್ಲಿ ನಾಲ್ಕು ಗೆರೆ ಒಂದು ಚುಕ್ಕೆಗೆ ಸೇರಿಸೋ ಪದ್ಧತೀನೇ ಇಲ್ಲ. ನಾಲ್ಕು ಜನ ಸೊಸೇರನ್ನ ಒಂದೇ ಒಲೆ ಮುಂದೆ ನಿಲ್ಲಿಸಿದಂಗೆ ಅದು. ಪ್ರಿಂಟು ಸ್ವಲ್ಪ ಮಸಿ ಬಿಟ್ರೆ ಚುಕ್ಕೆ ಇದೆಯೋ ಇಲ್ವೋ ಅಂತ ಗೊತ್ತಾಗಲ್ಲ. ಒಂದನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ, ಮೂರು ಮೂರು ಗೆರೆ ಸೇರೋ ಹಾಗೆ ಎರಡು ಚುಕ್ಕೆ ಇಡ್ತೀವಿ. ಇಡೀ ನಕ್ಷೆ ಹುಡುಕಿ, ಇದೊಂದು ಬಿಟ್ಟು ನಾಲ್ಕು ಗೆರೆಯ ಇನ್ನೊಂದು ಚುಕ್ಕೆ ತೋರ್ಸಿ. ನನ್ನ ಹುಬ್ಬು ಬೋಳಿಸ್ಕೋತೀನಿ."

ಸಾಹೇಬರು ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಗ್ಗಿದರು. ಅಂಚಿನಿಂದ ಅಂಚಿಗೆ ಹುಡುಕಿದರು. ಇನ್ನೊಂದು ಸಿಗಲಿಲ್ಲ.

"ಇದು ಆಫೀಸಲ್ಲಿ ಬರೆದ ಚುಕ್ಕೆ ಅಂತ ನಾನೆಲ್ಲಿ ಅಂದೆ?" ಮ್ಯಾನೇಜರ್ ಬಿಡಲಿಲ್ಲ. "ಇಲ್ಲಿಗೆ ಬಂದ್ಮೇಲೆ ಕೈಯಲ್ಲಿ ತಿದ್ದಿರ್ಬೇಕು. ಎಲ್ಲಾರೂ ತಿದ್ದೋದೇ."

"ನಾನು ತಿದ್ದಿದ್ರೆ ಕೆಂಪು ಶಾಯಿ. ಸುತ್ತ ಮೋಡದ ಹಾಗೆ ಗೆರೆ, ಪಕ್ಕದಲ್ಲಿ ಸಹಿ. ತಿದ್ದಿದ್ದನ್ನ ಮುಚ್ಚಿಡೋನು ನಾನಲ್ಲ, ಮೋಡ ಹಾಕಿ ಮೆರೆಸೋನು."

"ವಯಸ್ಸಾಯ್ತು, ಮರೆತಿರ್ತೀರಿ."

"ಮೇಸ್ತ್ರಿ," ಸಾಹೇಬರು ಬಾಗಿಲ ಬಳಿಯ ಕರೆಂಟ್ ಮೇಸ್ತ್ರಿಯತ್ತ ತಿರುಗಿದರು, "ವೈರು ಎಳೆಯೋವಾಗ ಈ ಚುಕ್ಕೆ ಇತ್ತಾ?"

"ಇತ್ತು ಸ್ವಾಮಿ."

"ಇರಲಿಲ್ಲ ಅಲ್ವೇನಪ್ಪ?" ಎಂದರು ಅತ್ತೆ.

"ಇರಲಿಲ್ಲ ತಾಯಿ."

"ಇತ್ತೋ ಇಲ್ವೋ?"

"ಹೌದು ಸ್ವಾಮಿ."

ಕೊನೆಗೆ ಮಾತಾಡಿದವರು ಯಾರೋ ಅವರ ಮಾತೇ ಮೇಸ್ತ್ರಿಗೆ ಸತ್ಯ. ಅವನ ಮದುವೆಯೂ ಹಾಗೇ ಆಗಿತ್ತೆಂದು ಜನ ಹೇಳುತ್ತಿದ್ದರು.

ಇತ್ತ ಪತ್ತೇದಾರ ಸುಮ್ಮನಿರಲಿಲ್ಲ. ದೇವರು ಅವನಿಗೆ ಬುದ್ಧಿ ಕೊಡುವಾಗ ಕೈ ಬಿಗಿಹಿಡಿದು, ಮೂಗು ಕೊಡುವಾಗ ಚೀಲವನ್ನೇ ಬೋರಲು ಹಾಕಿದ್ದ. ಮೂರನೇ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ಅವನಿಗೆ ವಾಸನೆಯಲ್ಲಿ ಗೊತ್ತಾಗುತ್ತಿತ್ತು. ಆ ಮೂಗನ್ನು ನಕ್ಷೆಗೆ ತಾಗಿಸಿ ಚುಕ್ಕೆಯನ್ನು ಮೂಸಿದ.

ಗುಲಾಬಿ.

ಪಕ್ಕದ ಗೆರೆ ಮೂಸಿದ. ಬರೀ ಕಾಗದ. ಮತ್ತೆ ಚುಕ್ಕೆ ಮೂಸಿದ. ಗುಲಾಬಿಯೇ. ಉಗುರಿನಿಂದ ಮೆಲ್ಲಗೆ ಒತ್ತಿದರೆ ಚುಕ್ಕೆ ಬೆಣ್ಣೆಯಂತೆ ಒಂದಿಷ್ಟು ಜಾರಿತು.

ಅದು ಶಾಯಿಯಲ್ಲ, ಜಿಡ್ಡು. ಬೆಳಿಗ್ಗೆ ಪೌಡರ್ ಏಟು ತಿಂದ ಕೋಣೆಯಲ್ಲಿ ಅವನ ಮೂಗಿಗೆ ಬಡಿದದ್ದೂ ಇದೇ ವಾಸನೆ. ವೇಷ ಹಾಕುವವರು ಮೀಸೆ, ಹುಬ್ಬು ತೀಡುವ ಕಪ್ಪು ಕಡ್ಡಿಯದು.

ಪತ್ತೇದಾರ ಬಾಯಿ ಬಿಡಲಿಲ್ಲ. ಒಳ್ಳೆಯ ಪತ್ತೇದಾರನೂ ಒಳ್ಳೆಯ ಅಡುಗೆಯವನೂ ಒಂದು ಸಾಮಾನು ಬಚ್ಚಿಟ್ಟುಕೊಂಡೇ ಇರುತ್ತಾರೆ. ಅವನು ಒಬ್ಬೊಬ್ಬರನ್ನೇ ಮೂಸಲು ಹೊರಟ. ಮೇಸ್ತ್ರಿಯ ಹೆಗಲ ಬಳಿ ಬಗ್ಗಿದ: ರಬ್ಬರು, ಹೊಗೆಸೊಪ್ಪು. ಸಾಹೇಬರ ಕುತ್ತಿಗೆಯ ಹಿಂದೆ ನಿಂತ: ಲಕೋಟೆಯ ಗೋಂದು.

"ಏನ್ರೀ ಮಾಡ್ತಿದೀರಿ?" ಎಂದರು ಸಾಹೇಬರು.

"ಶೀತ," ಎಂದ ಪತ್ತೇದಾರ.

ಉಳಿದವರು ಮ್ಯಾನೇಜರ್. ಅವರ ಮೇಲ್ತುಟಿಯ ಮೇಲೆ ಸೂಜಿಯಲ್ಲಿ ಗೀರಿದಂಥ ತೆಳುಮೀಸೆ. ಇಷ್ಟು ನೇರವಾದ ಮೀಸೆ ತಾಯಿಯ ಹೊಟ್ಟೆಯಿಂದ ಬರುವುದುಂಟೇ? ಪತ್ತೇದಾರ ಹತ್ತಿರ ಹೋದ. ಪುದೀನಾ ಮಾತ್ರೆ ಮತ್ತು ಶೂ ಪಾಲಿಶ್ ವಾಸನೆ ದಟ್ಟವಾಗಿತ್ತು. ಅದರಡಿ ಗುಲಾಬಿ ಅಡಗಿದೆಯೋ ಇಲ್ಲವೋ ತಿಳಿಯಲಿಲ್ಲ. ಈ ಮನುಷ್ಯ ಬೆವರಿದರೆ ಮೀಸೆ ಕರಗಿ ಸತ್ಯ ಹೊರಬಿದ್ದೀತು. ಬೆವರಿಸುವುದು ಹೇಗೆ?

"ಮ್ಯಾನೇಜರ್ ಸಾಹೇಬ್ರೇ," ಎಂದ, "ಹಾರದ ಬಗ್ಗೆ ನೀವೂ ಸ್ವಲ್ಪ ಅಸಡ್ಡೆ ಮಾಡಿದ್ರಿ ಅಂತ ಜನ ಆಡ್ಕೋತಿದಾರೆ."

"ಯಾರ್ರೀ ಅದು?" ಮ್ಯಾನೇಜರ್ ಎದ್ದುನಿಂತರು. "ವೈರು ಎಳೆದು ಮುಗಿದ ದಿನದಿಂದ ದಿನಾ ಬೆಳಿಗ್ಗೆ ನನ್ನ ಕೋಣೆಯ ಈ ಗೋಡೆ ಮೇಲಿನ ಬೀಗದ ಗುಂಡಿ ನಾನೇ ಒತ್ತಿ, ಭದ್ರಕೋಣೆ ತೆಗೆಸಿ, ಹಾರ ಕಣ್ಣಾರೆ ನೋಡಿ ಮುಚ್ಚಿಸಿದೀನಿ. ಒಂದು ದಿನ ತಪ್ಪಿಲ್ಲ. ಹೆತ್ತ ಮಗೂನೂ ಹಂಗೆ ನೋಡ್ಕೊಂಡಿಲ್ಲ ನಾನು."

"ಪಾಪ, ಮಗು," ಎಂದರು ಅತ್ತೆ.

ಅತ್ತೆಯ ಮೊಣಕೈ ನಕ್ಷೆಯಿಂದ ಎದ್ದಿತ್ತು. ಅದು ಏಳುವುದೆಂದರೆ ಎಲ್ಲೋ ಏನೋ ಬೀಳುವುದಿದೆ ಎಂದೇ ಅರ್ಥ. ಅವರು ಬೆರಳನ್ನು ಬೀಗದ ಗುಂಡಿಯ ಗುರುತಿನ ಮೇಲಿಟ್ಟು, ಗೆರೆಯ ಮೇಲೆ ಇರುವೆ ಹರಿದಂತೆ ಮೆಲ್ಲಗೆ ಸರಿಸುತ್ತಾ ಚುಕ್ಕೆಗೆ ಬಂದು ನಿಂತರು.

"ಲೋ ತಮ್ಮ, ನಾಲ್ಕು ರಸ್ತೆ ಕೂಡೋ ಚೌಕ ಅಂದೆ."

"ಹೂಂ ಅಕ್ಕ."

"ಗಂಟೆ ಕಡೆಯಿಂದ ಬಂದೋನು ಬೀಗದ ಕಡೆ ಹೋಗಬಹುದು."

"ಹೂಂ."

"ಬೀಗದ ಕಡೆಯಿಂದ ಬಂದೋನು ಗಂಟೆ ಕಡೆ ಹೋಗೋಕೆ ಅಲ್ಲಿ ಯಾರಾದ್ರೂ ಅಡ್ಡ ನಿಂತಿದಾರಾ?"

"ಯಾರೂ ಇಲ್ಲ ಅಕ್ಕ," ಎಂದರು ಮಾವ.

ಅತ್ತೆ ಮ್ಯಾನೇಜರರತ್ತ ತಿರುಗಿ ಸಕ್ಕರೆಯಂಥ ದನಿಯಲ್ಲಿ ಕೇಳಿದರು. "ದಿನಾ ಬೆಳಿಗ್ಗೆ ನೀವು ಬೀಗದ ಗುಂಡಿ ಒತ್ತಿದಾಗ, ಅಪ್ಪಾ, ವಿರಾಮದ ಗಂಟೆ ಹೊಡೀತಿತ್ತಾ?"

"ಬೀಗ ತೆಗೆದ್ರೆ ಗಂಟೆ ಯಾಕಮ್ಮ ಹೊಡೀಬೇಕು? ಒಂದು ದಿನಾನೂ ಹೊಡೆದಿಲ್ಲ."

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ."

ಸಾಹೇಬರ ಕೈಯಲ್ಲಿದ್ದ ಪೆನ್ನು ಮೇಜಿಗೆ ಬಿತ್ತು.

"ಚುಕ್ಕೆ ನಿಜ ಆಗಿದ್ರೆ," ಸಾಹೇಬರು ನಿಧಾನವಾಗಿ ಹೇಳಿದರು, "ನೀವು ಬೀಗ ತೆಗೆದಾಗಲೆಲ್ಲ ಗಂಟೆ ಹೊಡೀಲೇಬೇಕಿತ್ತು."

ಮ್ಯಾನೇಜರರ ಹಣೆಯಲ್ಲಿ ಬೆವರು ಒಡೆಯಿತು. ಪತ್ತೇದಾರ ಅವರ ಮೀಸೆಯ ಮೇಲೆ ಕಣ್ಣು ನೆಟ್ಟ.

"ಬಹುಶಃ... ಎಲ್ಲಾ ದಿನಾನೂ ನಾನು ತೆಗೆದಿರ್ಲಿಕ್ಕಿಲ್ಲ."

"ಹೆತ್ತ ಮಗು," ಎಂದು ನೆನಪಿಸಿದರು ಅತ್ತೆ.

"ಒಂದೆರಡು ದಿನ ತೆಗೆದಿರಬಹುದು."

"ಒಂದೇ ದಿನ ತೆಗೆದಿದ್ರೂ ಸಾಕು," ನಕ್ಷೆ ಮಾವ ಕುರ್ಚಿಯಿಂದ ಅರ್ಧ ಎದ್ದರು. "ಗಂಟೆ ಹೊಡೀಲಿಲ್ಲ ಅಂದ್ರೆ ವೈರು ಕೂಡಿಲ್ಲ. ಅಕ್ಕ, ವೈರು ಕೂಡೇ ಇಲ್ಲ ಕಣೇ."

ಬೆವರು ಮೂಗಿನ ಪಕ್ಕದಿಂದ ಇಳಿದು ಮ್ಯಾನೇಜರರ ಮೀಸೆಯ ಮೇಲೆ ಹರಿಯಿತು. ಮೀಸೆ ಕರಗಲಿಲ್ಲ, ಜಾರಲಿಲ್ಲ, ಕೂದಲೂ ಕೊಂಕಲಿಲ್ಲ. ಅದು ಅಪ್ಪಟ ಮೀಸೆ. ಅಷ್ಟು ನೇರವಾಗಿ ಹುಟ್ಟಿದ್ದಕ್ಕೆ ಪತ್ತೇದಾರನಿಗೆ ಅದರ ಮೇಲೆ ವೈಯಕ್ತಿಕವಾಗಿ ಕೋಪ ಬಂತು.

"ಮಾತು ಯಾಕೆ? ಗಂಟೆ ಒತ್ತಿ ನೋಡೋಣ," ಎಂದ ಸಿಟ್ಟಿನಲ್ಲಿ.

ಎಲ್ಲರೂ ಅವನನ್ನೇ ನೋಡಿದರು. ಕಳವಾದಾಗಿನಿಂದ ಆ ನಕ್ಷೆಯನ್ನು ಊರೆಲ್ಲ ನೋಡಿತ್ತು. ಕನ್ನಡಕದಲ್ಲಿ, ಭೂತಗನ್ನಡಿಯಲ್ಲಿ, ತಲೆಕೆಳಗಾಗಿ. ಆದರೆ ಗಂಟೆಯ ಗುಂಡಿಯನ್ನು ಒಬ್ಬರೂ ಒತ್ತಿರಲಿಲ್ಲ. ಒತ್ತುವ ಹಾಗೂ ಇರಲಿಲ್ಲ. ಫ್ಯೂಸು ಸಾಕ್ಷಿಯೆಂದು ಸಾಹೇಬರು ಅದನ್ನು ಕಿತ್ತು, ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ, ಅಂದಿನಿಂದ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೇ ಊಟ ಮಾಡುತ್ತಿದ್ದರು.

ಲಕೋಟೆ ಹರಿಯಿತು. ಮೇಸ್ತ್ರಿ ಫ್ಯೂಸು ಹಾಕಲು ಹೋದ. ಸಾಹೇಬರು ಭದ್ರಕೋಣೆಯ ಹಿಡಿ ಹಿಡಿದು ನಿಂತರು. ತಪ್ಪು ಹೊತ್ತವರು ಏನನ್ನೂ ಮುಟ್ಟಬಾರದೆಂದು ನಕ್ಷೆ ಮಾವನನ್ನು ಬೆಂಚಿನ ಮೇಲೆ ಕೂರಿಸಲಾಯಿತು. ಮ್ಯಾನೇಜರ್ ಓಡಿಹೋಗದಂತೆ ಅವರ ಕೋಟಿನ ಅಂಚನ್ನು ಅತ್ತೆ ಹಿಡಿದುಕೊಂಡರು.

ಗಂಟೆ ಒತ್ತಲು ಉಳಿದವನು ಒಬ್ಬನೇ.

"ನನಗೆ ಶೀತ," ಎಂದ ಪತ್ತೇದಾರ.

"ಗಂಟೆಗೆ ಶೀತ ಅಂಟಲ್ಲ, ನಡೀರಿ," ಎಂದರು ಅತ್ತೆ.

ವೇದಿಕೆಯ ಪಕ್ಕದ ಗೋಡೆಯಲ್ಲಿ ಆ ಬಿಳಿ ಗುಂಡಿ ಸತ್ತ ಮೀನಿನ ಕಣ್ಣಿನಂತೆ ಅವನನ್ನೇ ನೋಡುತ್ತಿತ್ತು. ಪತ್ತೇದಾರ ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿದ. ಹೆಂಡತಿಯನ್ನು ನೆನೆದ, ಬಾಗಿಲಲ್ಲಿ ತೂಗುವ ಸೌಟನ್ನು ನೆನೆದ. ಕೊಡೆ ತಿರುಗಿಸಿ, ಮರದ ಹಿಡಿ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ ಚುಚ್ಚಿದ. ಮೊದಲ ಸಲ ಗೋಡೆಗೆ ತಗುಲಿತು. ಎರಡನೆಯ ಸಲ ಗುಂಡಿಗೆ.

ಗಂಟೆ ಮೊಳಗಿದ ರಭಸಕ್ಕೆ ಮಾಡಿನ ಪಾರಿವಾಳಗಳೆಲ್ಲ ದೇಶಾಂತರ ಹೋದವು.

"ಬಾಗಿಲು?" ಎಂದು ಕೂಗಿದರು ಅತ್ತೆ.

ಸಾಹೇಬರು ಎಳೆದರು. ಗೋಡೆಗೆ ಕಾಲು ಕೊಟ್ಟು ಎಳೆದರು. "ಅಲ್ಲಾಡ್ತಾ ಇಲ್ಲ," ಎಂದರು. ಅವರ ಮುಖ ಪೂರ್ತಿ ಅರಳಿತ್ತು. ಅನುಮತಿ ಕೇಳುವ ವ್ಯವಧಾನ ಯಾರಿಗಿತ್ತು?

ಮೇಸ್ತ್ರಿ ಮ್ಯಾನೇಜರರ ಕೋಣೆಗೆ ಓಡಿ ಗೋಡೆಯ ಗುಂಡಿ ಒತ್ತಿದ. ಟಕ್ಕೆಂದು ಬೀಗ ಬಿಟ್ಟಿತು, ಬಾಗಿಲು ಸಾಹೇಬರ ಕೈಗೆ ಬಂತು. ಗಂಟೆ ಮಾತ್ರ ಮೌನವಾಗಿತ್ತು.

"ವೈರು ಕೂಡೇ ಇಲ್ಲ," ಎಂದರು ಸಾಹೇಬರು. "ಮೇಸ್ತ್ರಿ, ನೀನು ವೈರು ಎಳೆದಾಗ ಚುಕ್ಕೆ ಇರಲಿಲ್ಲ."

"ಇರಲಿಲ್ಲ ಸ್ವಾಮಿ," ಎಂದ ಮೇಸ್ತ್ರಿ. ಕೊನೆಗೂ ಅವನು ನಿಜ ಹೇಳಿದ್ದ, ಅದೂ ಬಾಯಿತಪ್ಪಿ.

ಸಾಹೇಬರು ಸಹಿಯ ಹಾಳೆಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ಅಂದ್ರೆ ಗಂಟೆ ಹೊಡೆದ ಹೊತ್ತಿಗೆ ಸರಿಯಾಗಿ ಯಾರೋ ಮ್ಯಾನೇಜರರ ಕೋಣೆಗೆ ನುಗ್ಗಿ ಬೀಗದ ಗುಂಡಿ ಒತ್ತಿದಾರೆ. ಅದು ಯಾರಿಗೂ ಹೊಳೀಬಾರ್ದು ಅಂತ, ಅಲ್ಲೇ ಗೋಡೆಗೆ ಅಂಟಿಸಿದ್ದ ನಕ್ಷೆ ಮೇಲೆ ಚುಕ್ಕೆ ಇಟ್ಟು ತಪ್ಪನ್ನ ಅದರ ತಲೆಗೆ ಕಟ್ಟಿದಾರೆ."

"ನಾನಾಗ ವೇದಿಕೆ ಮೇಲೆ ಭಾಷಣ ಮಾಡ್ತಿದ್ದೆ," ಎಂದರು ಮ್ಯಾನೇಜರ್, ಅತ್ತೆಯ ಹಿಡಿತದಿಂದ ಕೋಟು ಬಿಡಿಸಿಕೊಳ್ಳಲು ಹೆಣಗುತ್ತಾ. "ಸಭೆಯೆಲ್ಲ ನೋಡಿದೆ."

"ಸಭೆಯೆಲ್ಲ ಆಕಳಿಸಿದೆ ಕೂಡ. ನಿಮ್ಮನ್ನ ಬಿಟ್ಟೆ," ಎಂದರು ಸಾಹೇಬರು. "ಚುಕ್ಕೆ ಯಾರದೋ ಹಾರ ಅವರ ಹತ್ರ ಇದೆ. ಪತ್ತೇದಾರ್ರೇ, ಚುಕ್ಕೆ ಹಿಡೀರಿ."

ವೇದಿಕೆಯಿಂದ ಓಡಿಬಂದಿದ್ದ ಪತ್ತೇದಾರ ಎದೆಯುಬ್ಬಿಸಿದ. ಗುಲಾಬಿಯ ಗುಟ್ಟು ಬಿಚ್ಚಲು ಇದೇ ಹೊತ್ತು ಎಂದು ಬಾಯಿ ತೆರೆದ.

ಅಷ್ಟರಲ್ಲಿ ಬೆಂಚಿನ ಮೇಲಿದ್ದ ನಕ್ಷೆ ಮಾವ ಅಳತೊಡಗಿದರು. ಅದು ಸಂತೋಷದ ಅಳು. ಇಷ್ಟು ದಿನ ಕಟ್ಟಿಹಿಡಿದದ್ದೆಲ್ಲ ಕಣ್ಣಲ್ಲಿ, ಮೂಗಲ್ಲಿ, ಬೆವರಲ್ಲಿ ಒಟ್ಟಿಗೆ ಹೊರಟಿತು.

"ನನ್ನ ಬೋರ್ಡು ಉಳೀತು ಅಕ್ಕ."

"ಉಳೀತು ಕಣೋ. ಹೆಂಗಸರ ಹಾಗೆ ಅಳಬೇಡ, ಗಂಡಸರ ಹಾಗೆ ಅಳು, ಸದ್ದಿಲ್ದೆ." ಅತ್ತೆ ಮ್ಯಾನೇಜರರ ಕೋಟು ಬಿಟ್ಟು, ತಮ್ಮನ ಪಕ್ಕ ಕೂತು, ಅವನ ತಲೆಯನ್ನು ಹೆಗಲಿಗೆ ಒತ್ತಿಕೊಂಡರು. ದೊಡ್ಡ ಕರವಸ್ತ್ರ ತೆಗೆದು, ಮಗುವಿನ ಮುಖ ತೊಳೆಯುವಂತೆ ಹಣೆಯಿಂದ ಗದ್ದದವರೆಗೆ ಒಂದೇ ಎಳೆತಕ್ಕೆ ಒರೆಸಿದರು.

ಒರೆಸಿದ ಕೈ ಅಲ್ಲೇ ನಿಂತಿತು.

ಪತ್ತೇದಾರನ ಮೂಗು ಅವನಿಗಿಂತ ಮೊದಲು ಆ ಕಡೆ ತಿರುಗಿತು.

ಗುಲಾಬಿ.

ಬೇರೆಯವರನ್ನೆಲ್ಲ ಮೂಸಿದ್ದ. ಮನೆಯವರನ್ನು ಯಾರು ಮೂಸುತ್ತಾರೆ?

ನಕ್ಷೆ ಮಾವನ ಎಡಹುಬ್ಬು ಕಾಡಿಗೆಯಂತೆಯೇ ಇತ್ತು. ಬಲಹುಬ್ಬು ಅತ್ತೆಯ ಹುಬ್ಬಿನಂತೆ, ಅವರ ವಂಶದ ಎಲ್ಲರ ಹುಬ್ಬಿನಂತೆ, ಬಿಡಿಸಿದ ಹತ್ತಿಯಷ್ಟು ಬೆಳ್ಳಗಿತ್ತು. ಬಿಳಿಯ ಕರವಸ್ತ್ರದ ಮೇಲೆ ಉದ್ದಕ್ಕೂ ಕಪ್ಪು ಜಿಡ್ಡು.

ಅತ್ತೆ ಕರವಸ್ತ್ರ ನೋಡಿದರು. ತಮ್ಮನ ಮುಖ ನೋಡಿದರು. ಬೇರೆಯವರಿಗೆ ಕಾಣುವ ಮೊದಲೇ ಅವನ ಮುಖವನ್ನು ತಮ್ಮ ಹೆಗಲಿಗೆ ಇನ್ನಷ್ಟು ಒತ್ತಿ, ಕರವಸ್ತ್ರವನ್ನು ಮುದ್ದೆ ಮಾಡಿ ಕೈಚೀಲದ ತಳಕ್ಕೆ ತುರುಕಿದರು.

ನಾಲ್ಕು ಗೆರೆಗೆ ಒಂದು ಚುಕ್ಕೆ ತನ್ನ ಪದ್ಧತಿಯಲ್ಲ ಎಂದು ಮಾವ ಎದೆ ತಟ್ಟಿ ಹೇಳಿದ್ದರು. ತನ್ನದಲ್ಲ ಎನಿಸುವಂಥ ಚುಕ್ಕೆಯನ್ನು ಇಡುವುದು ಹೇಗೆಂದು ಈ ಲೋಕದಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಏನು ಪತ್ತೇದಾರ್ರೇ?" ಎಂದರು ಸಾಹೇಬರು. "ಏನೋ ಹೇಳೋಕೆ ಬಾಯಿ ತೆಗೆದಿದ್ರಿ."

ಪತ್ತೇದಾರನ ಬಾಯಿ ಇನ್ನೂ ತೆರೆದೇ ಇತ್ತು. ಅತ್ತೆ ಅವನನ್ನು ನೋಡಿದರು. ಮದುವೆಯಾದಂದಿನಿಂದ ಆ ಕಣ್ಣುಗಳಲ್ಲಿ ಅವನು ಗೇಲಿ ಕಂಡಿದ್ದ, ಗದರಿಕೆ ಕಂಡಿದ್ದ. ಯಾಚನೆ ಕಂಡದ್ದು ಇದೇ ಮೊದಲು.

"ಗಂಟೆ ಹೊಡೆದಾಗ ನನ್ನ ತಮ್ಮ ನನ್ನ ಪಕ್ಕದಲ್ಲೇ ಕೂತಿದ್ದ," ಎಂದರು ಅತ್ತೆ. ಯಾರೂ ಅವರನ್ನು ಕೇಳಿರಲಿಲ್ಲ. "ಅಲ್ವಾ, ಅಳಿಯಂದ್ರೇ?"

ಅವರ ಇನ್ನೊಂದು ಪಕ್ಕದಲ್ಲಿ ಕೂತಿದ್ದವನು ಪತ್ತೇದಾರನೇ. ಮೊದಲ ಅಂಕದ ಪರದೆ ಏಳುವ ಮುಂಚೆಯೇ ಅತ್ತೆ ನಿದ್ದೆಹೋಗಿ, ಅವರ ಗೊರಕೆಗೆ ಮುಂದಿನ ಸಾಲಿನ ಟೋಪಿಗಳು ಅಲುಗಾಡಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಗಂಟೆಯ ಸದ್ದಿಗೆ ಅತ್ತೆ ಬೆಚ್ಚಿ ಮುಂದಕ್ಕೆ ವಾಲಿದಾಗ, ಅವರ ಆಚೆಗಿನ ಕುರ್ಚಿಯಲ್ಲಿ ಮಾವನ ಖಾಲಿ ಟೋಪಿ ಮಾತ್ರ ಇದ್ದದ್ದೂ ನೆನಪಿತ್ತು.